ಮಹಾಸಭೆಯ ಬಾಟ್ಲಿಯೂ ಮರದಡಿಯ ಪುನರ್ಪುಳಿಯೂ



ನಿಮ್ಮೂರಿನ ಸಹಕಾರಿ ಸಂಘದ ಮಹಾಸಭೆ ಹೇಗೆ ನಡೆಯುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ವರದಿ ವಾಚನ, ಲೆಕ್ಕಪತ್ರ ಮಂಡನೆ, ಡಿವಿಡೆಂಡಿನ ಘೋಷಣೆ. ಅದಾದ ಮೇಲೆ ಎದ್ದು ನಿಂತವರದ್ದೆಲ್ಲ ಒಂದೇ ಮಾತು: ಬೆಳೆದದ್ದಕ್ಕೆ ಬೆಲೆ ಇಲ್ಲ, ಸಾಲ ತೀರಿಸುವುದು ಹೇಗೆ? ಮಾತು ಸರಿಯೇ. ಆದರೆ ಹಾಗೆ ಮಾತಾಡುವ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಏನಿರುತ್ತದೆಂದು ಒಮ್ಮೆ ನೋಡಿಕೊಳ್ಳಿ. ಸ್ಟ್ರಾ ಚುಚ್ಚಿದ ಒಂದು ಪೊಟ್ಟಣ, ಇಲ್ಲವೇ ಬಣ್ಣದ ನೀರಿನ ಒಂದು ಪುಟ್ಟ ಬಾಟ್ಲಿ. ಅದರ ಮೇಲೆ ಹಣ್ಣಿನ ಚಿತ್ರ. ಹಣ್ಣು ಬೆಳೆದವನು ಹಣ್ಣಿನ ಚಿತ್ರವನ್ನು ಕ್ರಯಕ್ಕೆ ಕೊಂಡು ಕುಡಿಯುತ್ತಾ ಹಣ್ಣಿಗೆ ಬೆಲೆ ಇಲ್ಲವೆಂದು ಭಾಷಣ ಮಾಡುತ್ತಾನೆ! ಎಲ್ಲ ಸಂಘಗಳಲ್ಲೂ ಹೀಗೆ ಎಂದು ನಾನು ಹೇಳುವುದಿಲ್ಲ. ನಿಮ್ಮಲ್ಲಿ ಹೀಗಲ್ಲವಾದರೆ ಸಂತೋಷ. ಆದರೆ ಹೀಗೇ ಆದರೆ ಮುಂದಿನ ಮಾತು ನಿಮಗಾಗಿಯೇ.

ಮಹಾಸಭೆ ವರ್ಷಕ್ಕೊಮ್ಮೆ. ಮದುವೆ, ಗೃಹಪ್ರವೇಶ, ಉಪನಯನ, ಬ್ರಹ್ಮಕಲಶ, ನೇಮ, ಶಾಲೆಯ ವಾರ್ಷಿಕೋತ್ಸವ ಇವು ವರ್ಷವಿಡೀ ಉಂಟಲ್ಲ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಹಾಲಿಗೆ ಹೋದರೂ ಬಾಗಿಲಲ್ಲೇ ಒಂದು ಮೇಜು. ಅದರ ಮೇಲೆ ಕೆಂಪು, ಹಸಿರು, ನೀಲಿ ಗ್ಲಾಸುಗಳು. ಇದಕ್ಕೀಗ ‘ವೆಲ್‌ಕಮ್ ಡ್ರಿಂಕ್’ ಎಂದು ಹೆಸರು. ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಒಂದರ ಮೇಲೊಂದು ಬಣ್ಣ ನಿಲ್ಲಿಸಿ ಕೊಡುತ್ತಾರೆ, ಅದಕ್ಕೆ ‘ಮಾಕ್‌ಟೇಲ್’ ಎಂದು ಹೆಸರು. ಮದ್ಯವಿಲ್ಲದ, ಮದ್ಯದ ಗ್ಲಾಸಿನ ಹಾಗೆ ಕಾಣುವ ಶರಬತ್ತು, ಅಷ್ಟೆ. ಬಣ್ಣ ಎಲ್ಲಿಯದು? ಹೆಚ್ಚಿನ ಕಡೆ ಅಂಗಡಿಯ ಸಿರಪ್ಪಿನದು. ನಮ್ಮ ತೋಟದ್ದು ಏನೂ ಅದರಲ್ಲಿ ಇಲ್ಲ. ಹಾಲಿನ ಬಿಲ್ಲು ಮಾತ್ರ ನಮ್ಮ ತೋಟದ ಮೇಲೆ ಬರುತ್ತದೆ.

ನನ್ನ ವಾದ ಇಷ್ಟೇ. ಈ ಬಣ್ಣಬಣ್ಣದ ಗ್ಲಾಸನ್ನು ಬೈದು ಪ್ರಯೋಜನವಿಲ್ಲ. ಮಕ್ಕಳಿಗೆ ಅದು ಬೇಕು, ನೆಂಟರಿಗೂ ಚಂದ ಕಾಣುತ್ತದೆ. ಹಾಗಾದರೆ ಅದನ್ನು ನಮ್ಮ ಮನೆಯಲ್ಲಿ, ನಮ್ಮ ಹಣ್ಣಿನಿಂದ, ನಾವೇ ಮಾಡೋಣ. ಇದು ಅಡುಗೆಮನೆಯ ಸಂಗತಿ, ರೈತ ಪತ್ರಿಕೆಗೆ ಇದೇಕೆ ಎಂದು ಮೂಗು ಮುರಿಯಬೇಡಿ. ಬೆಲೆಯ ಪ್ರಶ್ನೆ ಅಡುಗೆಮನೆಯಲ್ಲೂ ಉಂಟು.

ಬಾಟ್ಲಿಯ ಒಳಗಿನ ಲೆಕ್ಕ

ಮೊದಲು ಬಾಟ್ಲಿಯನ್ನೇ ನೋಡುವ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕುಡಿಯಲು ಸಿದ್ಧವಾದ ‘ಹಣ್ಣಿನ ಪಾನೀಯ’ ಎಂದು ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ. 10ರಷ್ಟು ಹಣ್ಣಿನ ರಸ ಇರಬೇಕು, ಲಿಂಬೆಯದ್ದಾದರೆ ಶೇ. 5 ಸಾಕು. ಅಂದರೆ 200 ಮಿಲಿಲೀಟರಿನ ಒಂದು ಪೊಟ್ಟಣದಲ್ಲಿ 20 ಮಿಲಿಲೀಟರ್ ರಸ, ನಾಲ್ಕು ಸಣ್ಣ ಚಮಚದಷ್ಟು, ಇದ್ದರೆ ಕಾನೂನಿಗೆ ತೃಪ್ತಿ. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ಇನ್ನು ಗ್ಯಾಸು ತುಂಬಿದ ಕಪ್ಪು, ಕಿತ್ತಳೆ ಬಣ್ಣದ ಪಾನೀಯಗಳಿಗೆ ಹಣ್ಣು ಬೇಕೆಂದೇ ಇಲ್ಲ. ಲೇಬಲ್ಲಿನ ಚಿಕ್ಕ ಅಕ್ಷರಗಳನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಒಂದು ಆದೇಶ ಹೊರಡಿಸಬೇಕಾಯಿತು: ಗಟ್ಟಿ ರಸಕ್ಕೆ ನೀರು ಬೆರೆಸಿ ತಯಾರಿಸಿದ್ದಕ್ಕೆ ‘ಶೇ. 100 ಹಣ್ಣಿನ ರಸ’ ಎಂದು ಬರೆಯಬೇಡಿ, ಬರೆದದ್ದನ್ನು ತೆಗೆಯಿರಿ ಎಂದು.

ಈಗ ಅನಾನಸಿನ ಲೆಕ್ಕ ಹಾಕಿ. ಸಿಪ್ಪೆ, ದಿಂಡು ತೆಗೆದು ಹಿಂಡಿದರೆ ಒಂದು ಕಿಲೋ ಇಡೀ ಹಣ್ಣಿನಿಂದ ಸುಮಾರು 400 ಮಿಲಿಲೀಟರ್ ರಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಶೇ. 10ರ ಲೆಕ್ಕದಲ್ಲಿ ಅದರಿಂದ 4 ಲೀಟರ್ ಪಾನೀಯ, ಅಂದರೆ 200 ಮಿಲಿಲೀಟರಿನ 20 ಪೊಟ್ಟಣ. ನಿಮ್ಮ ಪೇಟೆಯಲ್ಲಿ ಒಂದು ಪೊಟ್ಟಣಕ್ಕೆ ಎಷ್ಟೆಂದು ನಿಮಗೆ ಗೊತ್ತು. ಅದನ್ನು 20ರಿಂದ ಗುಣಿಸಿ. ಪಕ್ಕದಲ್ಲಿ, ಕಳೆದ ಸೀಸನ್ನಿನಲ್ಲಿ ನಿಮ್ಮ ಒಂದು ಕಿಲೋ ಅನಾನಸಿಗೆ ಕೊಟ್ಟ ಕ್ರಯವನ್ನು ಬರೆಯಿರಿ. ಎರಡೂ ಅಂಕಿಯನ್ನು ಒಟ್ಟಿಗೆ ನೋಡಿ. ನಾನೇನೂ ಹೇಳಬೇಕಾಗಿಲ್ಲ. ಕಾರ್ಖಾನೆಗೆ ಖರ್ಚಿಲ್ಲವೇ, ಸಾಗಾಟಕ್ಕೆ, ಅಂಗಡಿಯವನಿಗೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಎಲ್ಲರಿಗೂ ಬೇಕಾದ್ದು ಸಿಕ್ಕಿ ಮಿಕ್ಕದ್ದು ಬೆಳೆದವನಿಗೆ ಎಂಬುದು ಯಾವ ನ್ಯಾಯ?

2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸ, ತಿರುಳು ಆಧರಿಸಿದ ಪಾನೀಯಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಗ್ಯಾಸು ತುಂಬಿದ್ದಕ್ಕೆ ಶೇ. 40 ಎಂದು ನಿಗದಿಯಾಯಿತು. ಹಣ್ಣಿಗೂ ಗ್ಯಾಸಿಗೂ ವ್ಯತ್ಯಾಸ ಉಂಟೆಂದು ಸರಕಾರಕ್ಕೂ ಗೊತ್ತಾಗಿದೆ ಎಂದಾಯಿತು. ಆದರೆ ಇಳಿದ ಆ 7 ರೂಪಾಯಿಯಲ್ಲಿ ಎಷ್ಟು ಪೈಸೆ ಅನಾನಸಿನ ಬುಡಕ್ಕೆ ಬಂತು? ನಿಮ್ಮ ಚೀಟಿ ತೆಗೆದು ನೋಡಿ ನೀವೇ ಹೇಳಿ.

ಒಂದು ಹಳೆಯ ಕತೆಯೂ ಇಲ್ಲಿ ನೆನಪು ಮಾಡಿಕೊಳ್ಳಬೇಕು. 1977ರಲ್ಲಿ ಕೋಕಾ ಕೋಲಾ ಕಂಪೆನಿ ಈ ದೇಶ ಬಿಟ್ಟು ಹೋಯಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ವಿದೇಶಿ ಬಾಟ್ಲಿ ಹೋಯಿತು ಎಂದು ಸಂತೋಷಪಟ್ಟವರು ಬಹಳ. ಆದರೆ ಖಾಲಿಯಾದ ಜಾಗಕ್ಕೆ ಬಂದದ್ದು ಸ್ವದೇಶಿ ಕೋಲಾ. ನಮ್ಮ ಪುನರ್ಪುಳಿಯಲ್ಲ, ಅನಾನಸಲ್ಲ. 1993ರಲ್ಲಿ ಅದೇ ಕಂಪೆನಿ ಹಿಂದೆ ಬಂತು, ಇಲ್ಲಿಯ ದೊಡ್ಡ ಬ್ರ್ಯಾಂಡುಗಳನ್ನೂ ಕೊಂಡುಕೊಂಡಿತು. ಕಂಪೆನಿ ಬಂದರೂ ಹೋದರೂ ನಮ್ಮ ಮರದಡಿಯ ಹಣ್ಣು ಮರದಡಿಯಲ್ಲೇ ಕೊಳೆಯಿತು. ಯಾಕೆ? ನಾವೇ ಅದನ್ನು ಕುಡಿಯಲಿಲ್ಲ, ಅದಕ್ಕೇ.

ಹಿತ್ತಿಲ ಗಿಡ ಮದ್ದಲ್ಲ

ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಜಿಲ್ಲೆಯ ಮರ್ಯಾದೆ. ‘ಆಸರಿಗೆ ಏನು?’ ಎಂದು ಕೇಳದೆ ಯಾರನ್ನೂ ಕೂರಿಸಿದವರಲ್ಲ ನಮ್ಮ ಹಿರಿಯರು. ಬೇಸಗೆಯಲ್ಲಿ ಪುನರ್ಪುಳಿ ಶರಬತ್ತು, ಮಜ್ಜಿಗೆ ನೀರು, ಎಳ್ಳಿನ ಜ್ಯೂಸು, ರಾಗಿ ನೀರು, ಪಾನಕ, ಬೊಂಡ. ಇವೆಲ್ಲ ಬಡತನದ ಪಾನೀಯ, ಬಾಟ್ಲಿ ಮಾತ್ರ ಶ್ರೀಮಂತಿಕೆ ಎಂಬ ಭಾವನೆ ನಮಗೆ ಯಾವಾಗ ಬಂತೋ ಅಂದಿನಿಂದ ಹಿತ್ತಿಲ ಗಿಡ ಮದ್ದಲ್ಲದಂತಾಯಿತು. ಈಗ ಪೇಟೆಯ ದೊಡ್ಡ ಹೋಟೆಲುಗಳಲ್ಲಿ ಅದೇ ಪುನರ್ಪುಳಿಗೆ ‘ಕೋಕಂ’ ಎಂದು ಹೆಸರಿಟ್ಟು, ಉದ್ದ ಗ್ಲಾಸಿಗೆ ಹಾಕಿ, ಮೇಲೊಂದು ಪುದೀನ ಎಲೆ ಇಟ್ಟು ಕೊಟ್ಟರೆ ನಾವು ಫೋಟೊ ತೆಗೆದುಕೊಳ್ಳುತ್ತೇವೆ!

ಗೇರಿನ ಸಂಗತಿಯನ್ನು ನೋಡಿ. ಬೀಜ ತಿರುಚಿ ತೆಗೆದು ಹಣ್ಣನ್ನು ಅಲ್ಲೇ ಬಿಸಾಡುತ್ತೇವೆ. ಬೀಜದ ತೂಕದ ಎಂಟು-ಹತ್ತು ಪಟ್ಟು ತೂಕದ ಹಣ್ಣು ಅದು. ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು ಸಿ ಜೀವಸತ್ವ ಇರುವ ಹಣ್ಣು. ಗೋವಾದವರು ಅದರಿಂದ ಫೆನಿ ಮಾಡಿ ಹೆಸರು ಮಾಡಿದರು. ನಮಗೆ ಫೆನಿ ಬೇಡ. ಆದರೆ ರಸ ಬೇಡವೇ? ಗಂಟಲು ಹಿಡಿಯುತ್ತದೆ ಎನ್ನುತ್ತೀರಿ. ಹಿಡಿಯುವುದು ಅದರಲ್ಲಿರುವ ಒಗರಿನಿಂದ. ಹಿಂಡಿದ ರಸಕ್ಕೆ ತಣಿದ ತಿಳಿ ಗಂಜಿಯನ್ನೋ, ಬೇಯಿಸಿದ ಸಬ್ಬಕ್ಕಿಯ ಗಂಜಿಯನ್ನೋ ಸ್ವಲ್ಪ ಬೆರೆಸಿ ಕದಲಿಸದೆ ಇಟ್ಟರೆ ಒಗರು ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡರಾಯಿತು. ಒಂದು ಮಾತು ನೆನಪಿರಲಿ: ಗೇರುಹಣ್ಣು ಕಾಯುವುದಿಲ್ಲ. ಬೆಳಿಗ್ಗೆ ಹೆಕ್ಕಿದ್ದನ್ನು ಅಂದೇ ಹಿಂಡಬೇಕು, ಇಲ್ಲವಾದರೆ ಹುಳಿಯುತ್ತದೆ.

ಕಲ್ಲಡ್ಕದವರು ಕಲಿಸಿದ ವಿದ್ಯೆ

ಒಂದರ ಮೇಲೊಂದು ಬಣ್ಣ ನಿಲ್ಲಿಸುವುದು ದೊಡ್ಡ ಹೋಟೆಲಿನವರ ಗುಟ್ಟು ಎಂದು ತಿಳಿಯಬೇಡಿ. ಬಂಟ್ವಾಳ ತಾಲೂಕಿನವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲ್ಲಡ್ಕದ ಲಕ್ಷ್ಮೀನಿವಾಸ ಹೋಟೆಲಿನ ಕೆ.ಟಿ. ಕುಡಿಯದವರು ನಮ್ಮಲ್ಲಿ ಯಾರು? ಗ್ಲಾಸಿನ ಕೆಳಗೆ ಬಿಳಿ ಹಾಲು, ಮೇಲೆ ಕೆಂಪು ಚಹಾ. ನಡುವೆ ಗೆರೆ ಎಳೆದ ಹಾಗೆ. ಕಲಸುವವರೆಗೆ ಒಂದಕ್ಕೊಂದು ಬೆರೆಯುವುದಿಲ್ಲ. ಇದರಲ್ಲಿ ಮಂತ್ರವಿಲ್ಲ. ಸಕ್ಕರೆ ಸೇರಿದ ಹಾಲು ಭಾರ, ಅದು ಅಡಿಯಲ್ಲಿ ನಿಲ್ಲುತ್ತದೆ. ಸಕ್ಕರೆ ಇಲ್ಲದ ಚಹಾದ ಡಿಕಾಕ್ಷನ್ ಹಗುರ, ನಿಧಾನವಾಗಿ ಬಿಟ್ಟರೆ ಮೇಲೆ ತೇಲುತ್ತದೆ. ಭತ್ತ ಗಾಳಿಸುವಾಗ ಗಟ್ಟಿ ಇತ್ತ, ಜೊಳ್ಳು ಅತ್ತ ಹೋಗುತ್ತದಲ್ಲ, ಅಂಥದೇ ನ್ಯಾಯ. ಹಣ್ಣಿನ ರಸಕ್ಕೂ ಇಷ್ಟೇ ಸೂತ್ರ: ಸಕ್ಕರೆ ಜಾಸ್ತಿ ಇರುವುದು ಅಡಿಗೆ, ಕಡಿಮೆ ಇರುವುದು ನಡುವಿಗೆ, ಇಲ್ಲದ್ದು ಮೇಲಕ್ಕೆ.

ಈಗ ನಮ್ಮ ಮೂರು ಪದರಕ್ಕೆ ಬರುವ.

ಅಡಿಯ ಪದರ ಪುನರ್ಪುಳಿ. ಮಳೆ ಹಿಡಿಯುವ ಮೊದಲು, ಎಪ್ರಿಲ್-ಮೇ ತಿಂಗಳಲ್ಲಿ, ಕಪ್ಪುಗೆಂಪಾಗಿ ಹಣ್ಣಾದದ್ದನ್ನು ಕೊಯ್ದು ತೊಳೆದು ನೀರಿನ ಪಸೆ ಇಲ್ಲದಂತೆ ಒರೆಸಿ. ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯಂತೆ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕುತ್ತಾ ಬನ್ನಿ. ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಸಿ. ಸಕ್ಕರೆಯೇ ಸಿಪ್ಪೆಯ ರಸವನ್ನು ಎಳೆದುಕೊಂಡು ಒಂದು ವಾರದ ಹೊತ್ತಿಗೆ ಪಾಕವಾಗುತ್ತದೆ. ಬಿಸಿಲು ಕಡಿಮೆಯಾದರೆ ಇನ್ನೆರಡು ದಿನ ಹೆಚ್ಚು. ಸೋಸಿ, ಸ್ವಲ್ಪ ಏಲಕ್ಕಿ ಹಾಕಿ, ಒಣಗಿದ ಗಾಜಿನ ಬಾಟ್ಲಿಯಲ್ಲಿ ತುಂಬಿಡಿ. ಒಂದು ಹನಿ ನೀರು ತಾಗಿದರೂ ಬೂಸಲು ಬರುತ್ತದೆ. ಹುಳಿ ಬಲವಾದ್ದರಿಂದ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಉಳಿದ ಸಿಪ್ಪೆ ಒಣಗಿಸಿದರೆ ಸಾರಿಗಾಯಿತು, ಬೀಜ ಒಣಗಿಸಿದರೆ ಅದರಿಂದ ತುಪ್ಪ ತೆಗೆಯಲಿಕ್ಕಾಯಿತು. ಬಿಸಾಡಲು ಏನೂ ಇಲ್ಲ.

ನಡುವಿನ ಪದರ ಅನಾನಸು. ಮೂಡುಬಿದಿರೆಯ ಅನಾನಸಿಗೆ ಹೆಸರು ಉಂಟು; ಅಲ್ಲಿಯ ಸೋನ್ಸ್ ಫಾರ್ಮಿನ ಅನಾನಸು ನೋಡಲು, ಕೊಳ್ಳಲು ದೂರದಿಂದ ಜನ ಬರುತ್ತಾರೆ. ಬೆಳ್ತಂಗಡಿ ಕಡೆ ರಬ್ಬರು ಗಿಡ ಚಿಕ್ಕದಿರುವಾಗ ಸಾಲಿನ ನಡುವೆ ಹಾಕುತ್ತಾರೆ. ಹಣ್ಣನ್ನು ಹೆಚ್ಚಿ ಮಿಕ್ಸಿಯಲ್ಲಿ ತಿರುಗಿಸಿ ಬಟ್ಟೆಯಲ್ಲಿ ಹಿಂಡಿ. ಸಕ್ಕರೆ ಹಾಕಬೇಡಿ, ಹಾಕಿದರೆ ಅದೂ ಭಾರವಾಗಿ ಪುನರ್ಪುಳಿಯೊಂದಿಗೆ ಬೆರೆತು ಹೋಗುತ್ತದೆ. ನೊರೆ ಇಳಿಯಲು ಅರ್ಧ ಗಂಟೆ ತಂಪಿನಲ್ಲಿಡಿ. ಅನಾನಸಿಲ್ಲದ ಕಾಲದಲ್ಲಿ ತಿಳಿ ಮಾಡಿದ ಗೇರಿನ ರಸ ಆಗುತ್ತದೆ, ಕಾಟು ಮಾವಿನ ರಸವನ್ನು ತೆಳ್ಳಗೆ ಮಾಡಿ ಹಾಕಬಹುದು.

ಮೇಲಿನ ಪದರ ಬೊಂಡದ ನೀರು. ಬಣ್ಣ ಬೇಕೆಂದಾದರೆ ಬೇಲಿಯ ಶಂಖಪುಷ್ಪವಿದೆ. ಹತ್ತು ನೀಲಿ ಹೂವಿನ ಎಸಳನ್ನು ಒಂದು ಲೋಟ ಬಿಸಿನೀರಿನಲ್ಲಿ ಹಾಕಿಡಿ; ಗಾಢ ನೀಲಿ ಇಳಿಯುತ್ತದೆ. ತಣಿದ ಮೇಲೆ ಅದನ್ನು ಸ್ವಲ್ಪ ಬೊಂಡದ ನೀರಿಗೆ ಬೆರೆಸಿ. ಇದಕ್ಕೂ ಸಕ್ಕರೆ ಇಲ್ಲ. ಶಂಖಪುಷ್ಪದ ಬಣ್ಣ ಹುಳಿ ತಾಗಿದಲ್ಲಿ ನೇರಳೆಗೆ ತಿರುಗುತ್ತದೆ. ಹಾಗಾಗಿ ಅನಾನಸು ತಾಗುವ ಗಡಿಯಲ್ಲಿ ತಾನಾಗಿ ಇನ್ನೊಂದು ಬಣ್ಣ ಹುಟ್ಟುತ್ತದೆ. ಕಾರ್ಖಾನೆಯ ಬಣ್ಣಕ್ಕೆ ಈ ಆಟ ಗೊತ್ತಿಲ್ಲ.

ಜೋಡಿಸುವುದು ಹೀಗೆ. ಗ್ಲಾಸಿನ ಅಡಿಗೆ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ, ಪುನರ್ಪುಳಿ ಪಾಕ. ಅದರ ಮೇಲೆ ನಾಲ್ಕು ತುಂಡು ಐಸು. ಐಸಿನ ಮೇಲೆ ನಿಧಾನವಾಗಿ 80 ಮಿಲಿಲೀಟರ್ ಅನಾನಸು ರಸ. ಆಮೇಲೆ ಚಮಚವನ್ನು ಬೋರಲು ಹಿಡಿದು ಅದರ ಬೆನ್ನಿನ ಮೇಲೆ 80 ಮಿಲಿಲೀಟರ್ ಬೊಂಡದ ನೀರು ಇಳಿಸಿ. ಅಡಿಯಲ್ಲಿ ಕೆಂಪು, ನಡುವೆ ಹಳದಿ, ಮೇಲೆ ನೀಲಿ. ಕುಡಿಯುವ ಮೊದಲು ಕಲಸಲೇಬೇಕು, ಇಲ್ಲವಾದರೆ ಮೇಲೆ ಸಪ್ಪೆ, ಕೆಳಗೆ ಬರೀ ಹುಳಿಸಿಹಿ. ಹಾಲು, ಐಸ್‌ಕ್ರೀಂ ಇದಕ್ಕೆ ಸೇರಿಸಬೇಡಿ. ಪುನರ್ಪುಳಿಗೆ ಹಾಲು ಒಡೆಯುತ್ತದೆ, ಅನಾನಸಿಗೆ ಕಹಿಯಾಗುತ್ತದೆ. ಐಸಿನ ವಿಷಯದಲ್ಲಿ ಜಾಗ್ರತೆ. ಮೀನಿಗೆ ಹಾಕುವ ಐಸು ಕುಡಿಯುವ ಗ್ಲಾಸಿಗೆ ಬೀಳಬಾರದು; ಕಾಯಿಸಿ ತಣಿಸಿದ ನೀರಿನದ್ದೇ ಆಗಬೇಕು. ಹಿಂಡಿದ ರಸವನ್ನು ಅಂದೇ ಮುಗಿಸಿ. ಸಕ್ಕರೆ ಕಾಯಿಲೆಯವರಿಗೆ ಪುನರ್ಪುಳಿ ಪಾಕ ಬೇಡ, ಒಣ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು ಜೀರಿಗೆ ಹಾಕಿ ಬೇರೆಯೇ ಕೊಡಿ. ನಮ್ಮದು ಎಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಲ್ಲದೆ ಹೋಗುವುದಿಲ್ಲ.

ಮುನ್ನೂರು ಜನದ ಲೆಕ್ಕ

ಒಂದು ಗ್ಲಾಸು ಚಂದ, ಮುನ್ನೂರು ಜನಕ್ಕೆ ಹೇಗೆ ಎಂದು ಕೇಳುವಿರಿ. ಲೆಕ್ಕ ಇಲ್ಲಿದೆ. 300 ಗ್ಲಾಸಿಗೆ ಪುನರ್ಪುಳಿ ಪಾಕ 9 ಲೀಟರ್. ಒಂದು ಕಿಲೋ ಸಿಪ್ಪೆ, ಎರಡು ಕಿಲೋ ಸಕ್ಕರೆಯಿಂದ ಸುಮಾರು ಎರಡು ಲೀಟರ್ ಪಾಕವಾಗುತ್ತದೆ. ಹಾಗಾದರೆ ನಾಲ್ಕೂವರೆ ಕಿಲೋ ಸಿಪ್ಪೆ, 9 ಕಿಲೋ ಸಕ್ಕರೆ. ಅನಾನಸು ರಸ 24 ಲೀಟರ್, ಅದಕ್ಕೆ ಸುಮಾರು 60 ಕಿಲೋ ಹಣ್ಣು. ಬೊಂಡದ ನೀರು 24 ಲೀಟರ್, ಒಂದರಲ್ಲಿ ಕಾಲು ಲೀಟರ್ ಎಂದರೂ 96 ಬೊಂಡ, ನೂರು ಎಂದಿಟ್ಟುಕೊಳ್ಳಿ. ಇನ್ನು ಐಸು, ನಾಲ್ಕು ಜನರ ಎರಡು ಗಂಟೆಯ ಕೆಲಸ.

ರೂಪಾಯಿಯ ಕಾಲಂ ನಾನು ತುಂಬುವುದಿಲ್ಲ. ಕ್ರಯ ಊರಿಂದೂರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ನೀವೇ ತುಂಬಿ. ಬೊಂಡ ನಿಮ್ಮದೇ ಆದರೆ ತೋಟದಲ್ಲಿ ಕೊಯ್ದು ಕೊಡುವ ಕ್ರಯವನ್ನೇ ಹಾಕಿ, ಸೊನ್ನೆ ಹಾಕಬೇಡಿ. ನಮ್ಮ ವಸ್ತುವಿಗೆ ನಾವೇ ಸೊನ್ನೆ ಬೆಲೆ ಕಟ್ಟುವ ಅಭ್ಯಾಸದಿಂದಲೇ ಪೇಟೆಯವನು ಧೈರ್ಯ ಕಲಿತದ್ದು. ಮನೆಯವರ ದುಡಿಮೆಗೂ ಕೂಲಿ ಹಾಕಿ. ಆಮೇಲೆ ಹಾಲಿನವರು ಹೇಳಿದ ದರದ ಪಕ್ಕದಲ್ಲಿಟ್ಟು ನೋಡಿ. ಕೆಲವು ವಾರ ನಮ್ಮದು ಅಗ್ಗವಾಗುತ್ತದೆ, ಬೊಂಡದ ಕ್ರಯ ಏರಿದ ವಾರ ಜಾಸ್ತಿಯೂ ಆದೀತು. ಜಾಸ್ತಿಯಾದರೂ ನಾನು ಇದನ್ನೇ ಮಾಡಿ ಎನ್ನುತ್ತೇನೆ. ಯಾಕೆಂದರೆ ಆ ದುಡ್ಡು ಎಲ್ಲಿಗೆ ಹೋಯಿತೆಂಬುದು ಮುಖ್ಯ. 60 ಕಿಲೋ ಅನಾನಸಿನ ದುಡ್ಡು ಪಕ್ಕದ ಗ್ರಾಮದವನ ಕೈಗೆ, ಪುನರ್ಪುಳಿಯ ದುಡ್ಡು ಗುಡ್ಡೆಯಲ್ಲಿ ಹೆಕ್ಕಿ ತಂದ ಹೆಂಗಸಿನ ಕೈಗೆ. ಅದೇ 300 ಜನಕ್ಕೆ ಶೇ. 10ರ ಅನಾನಸು ಪೊಟ್ಟಣ ಹಂಚಿದರೆ ಖರ್ಚಾಗುವ ಹಣ್ಣು ಬರೀ 15 ಕಿಲೋ. ಬಣ್ಣದ ಸಿರಪ್ಪು ಹಂಚಿದರೆ ಒಂದು ಕಿಲೋವೂ ಇಲ್ಲ. ಬೇಡಿಕೆ ಇಲ್ಲ, ಬೇಡಿಕೆ ಇಲ್ಲ ಎನ್ನುತ್ತೇವಲ್ಲ, ಬೇಡಿಕೆ ಆಕಾಶದಿಂದ ಬೀಳುತ್ತದೆಯೇ?

ಮೂರು ಆಕ್ಷೇಪಗಳು

ಮೊದಲನೆಯದು: ಇದೆಲ್ಲ ಹೆಂಗಸರ ಮೇಲೆ ಇನ್ನೊಂದು ಹೊರೆ ಎಂದು. ಈ ಮಾತಿನಲ್ಲಿ ನೂರಕ್ಕೆ ನೂರು ಸತ್ಯವಿದೆ. ಮದುವೆ ಮನೆಯಲ್ಲಿ ಅವರಿಗೆ ಕೂರಲು ಪುರುಸೊತ್ತಿಲ್ಲ. ಹಾಗಾಗಿ ಅನಾನಸು ಹೆಚ್ಚುವುದು, ಬೊಂಡ ಕೆತ್ತುವುದು, ಗ್ಲಾಸು ಜೋಡಿಸುವುದು ಗಂಡಸರ ಕೆಲಸ ಎಂದೇ ಇರಲಿ. ಹಂದರದಡಿ ಇಸ್ಪೀಟು ಹಿಡಿದು ಕೂರುವ ಕೈ ನಮ್ಮಲ್ಲಿ ಎಷ್ಟಿಲ್ಲ? ಬಡಿಸಲು ಪಂಕ್ತಿಯಲ್ಲಿ ನಿಲ್ಲುತ್ತೇವಲ್ಲ, ಹಾಗೇ ಒಬ್ಬ ಪಾಕ, ಒಬ್ಬ ಐಸು, ಒಬ್ಬ ಅನಾನಸು, ಒಬ್ಬ ಬೊಂಡ. ನಾಲ್ಕು ಜನ ನಿಂತರೆ ಗ್ಲಾಸುಗಳು ಸಾಲಾಗಿ ಹೊರಡುತ್ತವೆ.

ಎರಡನೆಯದು: ಜನ ಏನೆನ್ನುತ್ತಾರೆ? ಕಂಜೂಸು ಎನ್ನುವುದಿಲ್ಲವೇ? ಮಾರಾಯ್ರೆ, ಬಣ್ಣದ ನೀರು ಕೊಟ್ಟವನು ಧಾರಾಳಿ, ಬೊಂಡ ಅನಾನಸು ಕೊಟ್ಟವನು ಕಂಜೂಸು ಎಂಬ ಲೆಕ್ಕವನ್ನು ನಮ್ಮ ತಲೆಗೆ ತುಂಬಿದವರು ಯಾರು? ಈ ‘ಜನ ಏನೆನ್ನುತ್ತಾರೆ’ ಎಂಬ ಒಂದು ಮಾತಿಗೆ ಅಡವಿಟ್ಟ ಚಿನ್ನ ಎಷ್ಟೆಂದು ಸೊಸೈಟಿಯ ತಿಜೋರಿಗೇ ಗೊತ್ತು. ಒಂದು ಗ್ಲಾಸು ಶರಬತ್ತಿನಿಂದ ಸಾಲ ತೀರುತ್ತದೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವನು ಸುಳ್ಳ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು, ಮದ್ದಿಗೆ ಕೂಲಿಗೆ ದುಡ್ಡು ಹೋಗುವಾಗ ಶರಬತ್ತು ಯಾವ ಲೆಕ್ಕ? ಆದರೆ ಕಾಣಿಸಿಕೊಳ್ಳಲಿಕ್ಕಾಗಿ ಕೊಳ್ಳುವ ಅಭ್ಯಾಸವನ್ನು ಒಂದು ಕಡೆಯಿಂದ ಮುರಿಯಲು ಶುರು ಮಾಡಬೇಕಲ್ಲ, ಬಾಗಿಲಿನ ಮೇಜಿನಿಂದಲೇ ಶುರುವಾಗಲಿ.

ಮೂರನೆಯದು ಓದಿದ ಮಕ್ಕಳದ್ದು: ಮನೆಯಲ್ಲಿ ಯಾಕೆ, ಸಾಲ ತೆಗೆದು ಒಂದು ಯೂನಿಟ್ಟೇ ಹಾಕಿ ಮಾರಬಾರದೇ? ಮಾರಬಹುದು. 2020ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಶೇ. 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಎಂದು ಇಟ್ಟರು. ಆದರೆ ಕಿವಿಗೊಟ್ಟು ಕೇಳಿ: ಅದು ಸಾಲದ ಬಾಲಕ್ಕೆ ಕಟ್ಟಿದ ಸಹಾಯಧನ. ಶೇ. 35 ಹೋಗಿ ಉಳಿದದ್ದು ನಿಮ್ಮ ತಲೆಯ ಮೇಲೆ. ಪುತ್ತೂರಿನಿಂದ ಹೊರಟ ಬಿಂದು ಜೀರಾ ದೂರದೂರಿನ ಅಂಗಡಿಗೂ ಹೋಗಿದೆ, ಜೀರಿಗೆಯ ರುಚಿಗೆ ಗಿರಾಕಿ ಉಂಟೆಂದು ತೋರಿಸಿದೆ, ಒಪ್ಪಿದೆ. ಆದರೆ ಎಲ್ಲರೂ ಕಾರ್ಖಾನೆ ಹಾಕಲಾರರು. ಮೊದಲು ನಿಮ್ಮ ಪಾಕವನ್ನು ನಿಮ್ಮ ಗ್ರಾಮದವರು ಕುಡಿಯಲಿ, ಎರಡನೇ ಸಲ ಕೇಳಲಿ. ಎರಡು ವರ್ಷ ಹಾಗೆ ಕೇಳಿದ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ ಮಾರಲು ಇಳಿಯಿರಿ. ಅದಾದ ಮೇಲೆ ಸಾಲದ ಮಾತು. ಗಿರಾಕಿ ಮೊದಲು, ಮೆಷಿನು ಆಮೇಲೆ. ಈ ಕ್ರಮ ತಪ್ಪಿದವನ ಶೆಡ್ಡಿನಲ್ಲಿ ಮೆಷಿನು ತುಕ್ಕು ಹಿಡಿಯುತ್ತದೆ, ಬಡ್ಡಿಗೆ ತುಕ್ಕು ಹಿಡಿಯುವುದಿಲ್ಲ.

ಕೊಕ್ಕೋದ ಪಾಠ ಮರೆಯಬೇಡಿ

ಪುನರ್ಪುಳಿಗೆ ಈಗ ಹೊರಗೆ ಹೆಸರು ಬರುತ್ತಿದೆ. ನಾಳೆ ಯಾರೋ ಬಂದು ಐದೆಕರೆ ನೆಡಿ, ನಾವು ಕೊಳ್ಳುತ್ತೇವೆ ಎಂದಾರು. ಕೊಕ್ಕೋ ಬಂದಾಗಲೂ ಹೀಗೇ ನೆಟ್ಟೆವು. ಕ್ರಯ ಕುಸಿದು ಕೊಳ್ಳುವವರು ಹಿಂಜರಿದಾಗ ಕಾಯಿ ಮರದಲ್ಲೇ ಉಳಿಯಿತು. ಆಗ ಕೈಹಿಡಿದದ್ದು ಯಾರು? ಅಡಿಕೆಯ ಕ್ರಯ ಬಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರೇ ಕಟ್ಟಿಕೊಂಡಿದ್ದ ಕ್ಯಾಂಪ್ಕೊ. ಅದು ಕೊಕ್ಕೋ ಕೊಂಡಿತು. ಕೊಂಡದ್ದನ್ನು ಏನು ಮಾಡುವುದೆಂದು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ನಿಲ್ಲಿಸಿತು. ಬೆಳೆಗಾರನ ವಸ್ತುವನ್ನು ಬೆಳೆಗಾರನ ಸಂಸ್ಥೆ ಕೊನೆಯ ರೂಪದವರೆಗೆ ಕೊಂಡುಹೋದರೆ ಮಾತ್ರ ಕ್ರಯ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಆದರೆ ಚಾಕಲೇಟಿಗೂ ಪುನರ್ಪುಳಿಗೂ ಒಂದು ವ್ಯತ್ಯಾಸ ಉಂಟು. ಚಾಕಲೇಟು ತಿನ್ನುವುದನ್ನು ನಾವು ಹೊರಗಿನವರಿಂದ ಕಲಿತೆವು. ಪುನರ್ಪುಳಿ ಕುಡಿಯುವುದು ನಮಗೆ ಗೊತ್ತಿತ್ತು, ಮರೆತೆವು. ಮರೆತದ್ದನ್ನು ನೆನಪು ಮಾಡಿಕೊಳ್ಳಲು ಕಾರ್ಖಾನೆ ಬೇಡ, ಸಾಲ ಬೇಡ, ಮಂತ್ರಿಗಳ ಭಾಷಣವೂ ಬೇಡ. ಒಂದು ಭರಣಿ, ಒಂದು ವಾರದ ಬಿಸಿಲು ಸಾಕು.

ಇಷ್ಟು ಮಾಡಿ

ಹಾಗಾದರೆ ಮಾಡುವುದೇನು? ಮೂರು ಸಂಗತಿ.

ಒಂದು, ಈ ಬೇಸಗೆಯಲ್ಲಿ ನಿಮ್ಮ ಗುಡ್ಡೆಯ ಪುನರ್ಪುಳಿ ಒಂದು ಮರದ್ದಾದರೂ ಕೊಳೆಯದಿರಲಿ. ನಿಮ್ಮಲ್ಲಿ ಮರವಿಲ್ಲವೇ, ಇರುವವರಿಂದ ಕ್ರಯ ಕೊಟ್ಟು ತನ್ನಿ. ಸುಮ್ಮನೆ ಕೇಳಬೇಡಿ.

ಎರಡು, ನಿಮ್ಮ ಮನೆಯ ಮುಂದಿನ ಕಾರ್ಯಕ್ರಮಕ್ಕೆ ಹಾಲು ಗೊತ್ತು ಮಾಡುವಾಗ ಬಾಗಿಲಿನ ಮೇಜು ನಮ್ಮದು ಎಂದು ಮೊದಲೇ ಹೇಳಿ ಬಿಡಿ, ಅದರ ದರ ಬಿಲ್ಲಿನಿಂದ ಕಳೆಯಿರಿ ಎಂದೂ ಹೇಳಿ. ಕಳೆಯದಿದ್ದರೆ ಯಾಕೆಂದು ಕೇಳಿ. ಅಡಿಕೆ ಮಾರುವಾಗ ಕಿಲೋಗೆ ಒಂದು ರೂಪಾಯಿಗೆ ಚರ್ಚೆ ಮಾಡುವವರು ನಾವು, ಇಲ್ಲಿ ಮಾತ್ರ ಸಂಕೋಚ ಯಾಕೆ?

ಮೂರನೆಯದು ಮಹಾಸಭೆಯ ವಿಷಯ. ಸಹಕಾರಿ ಸಂಘಗಳ ಮಹಾಸಭೆ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಪುನರ್ಪುಳಿ ಹಣ್ಣಾಗುವುದು ಎಪ್ರಿಲ್-ಮೇಯಲ್ಲಿ. ಸೆಪ್ಟೆಂಬರಿನಲ್ಲಿ ಎದ್ದು ನಿಂತು ‘ಯಾಕೆ ಬಾಟ್ಲಿ ಕೊಟ್ಟಿರಿ’ ಎಂದು ಗದ್ದಲ ಮಾಡಿದರೆ ಪ್ರಯೋಜನವಿಲ್ಲ. ಆಗ ಭರಣಿ ಖಾಲಿ. ಮಾರ್ಚಿನಲ್ಲೇ ನಿರ್ದೇಶಕರಿಗೆ ಲಿಖಿತ ಪತ್ರ ಕೊಡಿ. ಮಹಾಸಭೆಗೆ ಬೇಕಾದ ಪಾಕವನ್ನು ಗ್ರಾಮದ ಸ್ವಸಹಾಯ ಸಂಘದ ಹೆಂಗಸರಿಂದ, ಅವರ ದುಡಿಮೆಗೆ ಸರಿಯಾದ ಕ್ರಯ ಕೊಟ್ಟು, ಮೇ ತಿಂಗಳಲ್ಲೇ ಮಾಡಿಸಿಡಿ ಎಂದು ಬರೆಯಿರಿ. ಕೆಳಗೆ ಹತ್ತು ಸದಸ್ಯರ ರುಜು ಹಾಕಿಸಿ. ಒಂದು ಪ್ರತಿಯನ್ನು ನೀವೇ ಇಟ್ಟುಕೊಳ್ಳಿ.

ಆ ಮಹಾಸಭೆಯಲ್ಲಿ ಕೈಯಲ್ಲಿ ನಮ್ಮದೇ ಕೆಂಪು ಹಳದಿ ನೀಲಿ ಗ್ಲಾಸು ಹಿಡಿದು ಬೆಲೆಯ ಮಾತೆತ್ತಿ. ಆಗ ವೇದಿಕೆಯ ಮೇಲಿದ್ದವರಿಗೆ ಉತ್ತರ ಕೊಡದೆ ಉಪಾಯವಿಲ್ಲ.